ಉದಾತ್ತವಾಗಿ ನಡೆಯುವುದೆಂದರೇನು?

ಶಾಲೆಯ ವಾರ್ಷಿಕೋತ್ಸವಗಳಲ್ಲಿಯೂ ಬೀಳ್ಕೊಡುವ ಸಭೆಗಳಲ್ಲಿಯೂ ತಪ್ಪದೆ ಕೇಳಿಬರುವ ಇಂಗ್ಲಿಷ್ ಮಾತೊಂದುಂಟು. ಅದು ‘ನೋಬ್ಲಿ’ ಎಂಬುದು. ನಿವೃತ್ತರಾಗುವ ಉಪಾಧ್ಯಾಯಿನಿಯವರು ನೋಬ್ಲಿ ಸೇವೆಮಾಡಿದರೆಂದು ಬಿನ್ನವತ್ತಳೆಯಲ್ಲಿ ಬರೆಯುತ್ತೇವೆ. ಹೊರಟುಹೋಗುವ ವಿದ್ಯಾರ್ಥಿನಿಯರು ಲೋಕದಲ್ಲಿ ನೋಬ್ಲಿ ಬಾಳಲೆಂದು ಹರಸುತ್ತೇವೆ. ಅಗಲಿದವರ ನೆನಪಿಗಾಗಿ ದೇವಾಲಯದ ಗೋಡೆಗೆ ಬಡಿಸಿದ ಹಿತ್ತಾಳೆಯ ಫಲಕದಲ್ಲಿಯೂ ಆ ಮಾತನ್ನು ಕೆತ್ತಿಸುತ್ತೇವೆ. ಕನ್ನಡದಲ್ಲಿ ಹೇಳಬೇಕಾದಾಗ ‘ಉದಾತ್ತವಾಗಿ’ ಎಂದು ಹೇಳಿ ಮುಂದೆ ಸಾಗುತ್ತೇವೆ. ಆದರೆ ಮುಂದಿನ ಸಾಲಿನಲ್ಲಿ ಕುಳಿತ ಚಿಕ್ಕ ಹುಡುಗಿಯೊಬ್ಬಳು ಎದ್ದುನಿಂತು, “ಹಾಗೆಂದರೇನಮ್ಮಾ?” ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಥಟ್ಟನೆ ಉತ್ತರ ಕೊಟ್ಟೇವು? ಪದೇಪದೇ ಆಡಿದ ಮಾತು ಬಹುಕಾಲ ಚಲಾವಣೆಯಲ್ಲಿದ್ದ ನಾಣ್ಯದಂತೆ ಸವೆದುಹೋಗುತ್ತದೆ. ಅದರ ಮೇಲಣ ಮುದ್ರೆಯನ್ನು ಯಾರೂ ನೋಡುವುದಿಲ್ಲ. ಈ ಸಂಚಿಕೆಯಲ್ಲಿ ನಮಗೆ ದೊರೆತ ಕೆಲವು ಪುಟಗಳನ್ನು ಆ ಮುದ್ರೆಯನ್ನು ಮತ್ತೊಮ್ಮೆ ಓದುವುದಕ್ಕಾಗಿ ಉಪಯೋಗಿಸಬೇಕೆಂದಿದ್ದೇವೆ. ಇದು ಕೇವಲ ವ್ಯಾಕರಣದ ವಿನೋದವಲ್ಲ. ನಮ್ಮ ಹೆಣ್ಣುಮಕ್ಕಳನ್ನು ಯಾವುದಕ್ಕಾಗಿ ಹೊಗಳಬೇಕು, ಯಾವುದಕ್ಕಾಗಿ ಹೊಗಳಬಾರದು ಎಂಬ ಪ್ರಶ್ನೆಯು ಇದರಲ್ಲಿ ಅಡಗಿದೆ.

ಮೊದಲು ಶಬ್ದದ ಬೇರನ್ನು ನೋಡುವ. ‘ನೋಬಲ್’ ಎಂಬುದು ಲ್ಯಾಟಿನ್ ಭಾಷೆಯ ‘ನೋಬಿಲಿಸ್’ ಎಂಬ ಪದದಿಂದ ಫ್ರೆಂಚ್ ಭಾಷೆಯ ಮಾರ್ಗವಾಗಿ ಇಂಗ್ಲಿಷಿಗೆ ಬಂದುದು. ಆ ಲ್ಯಾಟಿನ್ ಪದದ ಹಳೆಯ ರೂಪವು ‘ಗ್ನೋಬಿಲಿಸ್’. ಅದರ ಧಾತುವಿಗೆ ‘ತಿಳಿ’ ಎಂದರ್ಥ. ನಮ್ಮ ‘ಜ್ಞಾನ’ ಶಬ್ದದಲ್ಲಿರುವ ‘ಜ್ಞಾ’ ಧಾತುವೂ, ಇಂಗ್ಲಿಷಿನಲ್ಲಿ ತಿಳಿಯುವುದೆಂಬ ಅರ್ಥದ ‘ನೋ’ ಎಂಬ ಕ್ರಿಯಾಪದವೂ ಇದೇ ಮನೆತನದವು. ‘ನೋ’ ಎಂಬುದನ್ನು ಬರೆಯುವಾಗ ಕಾಣಿಸಿ ಓದುವಾಗ ಕೇಳಿಸದೆ ಮಕ್ಕಳನ್ನು ಪೇಚಿಗೆ ಸಿಕ್ಕಿಸುವ ‘ಕೆ’ ಅಕ್ಷರವು ಆ ಹಳೆಯ ‘ಗ’ಕಾರದ ಸೋದರನೇ. ‘ನೋಬಲ್’ ಎಂಬುದರಲ್ಲಿ ‘ಗ’ಕಾರವು ಮಾಯವಾದರೂ ಅದರ ವಿರುದ್ಧ ಪದವಾದ ‘ಇಗ್ನೋಬಲ್’ ಎಂಬುದರಲ್ಲಿ ಇಂದಿಗೂ ಉಳಿದುಕೊಂಡಿದೆ. ಹೀಗೆ ಮೊತ್ತಮೊದಲು ನೋಬಲ್ ಎಂದರೆ ಒಳ್ಳೆಯವನೆಂದಲ್ಲ, ‘ತಿಳಿದವನು’ ಎಂದೂ ಅಲ್ಲ. ‘ಜನರಿಗೆ ತಿಳಿದಿರುವವನು’, ಹೆಸರಾದವನು ಎಂದಷ್ಟೇ.

ರೋಮಿನಲ್ಲಿ ಈ ಹೆಸರು ಬೇಗನೆ ಮನೆತನದ ಸೊತ್ತಾಯಿತು. ಯಾರ ಪೂರ್ವಿಕರು ಕಾನ್ಸಲ್ ಮೊದಲಾದ ಉನ್ನತ ಪದವಿಗಳನ್ನು ಹೊಂದಿದ್ದರೋ ಅವರೇ ನೋಬಿಲಿಸರು. ಅಂಥ ಮನೆಗಳ ನಡುಅಂಗಳದಲ್ಲಿ ಗತಿಸಿದ ಹಿರಿಯರ ಮುಖಗಳನ್ನು ಮೇಣದಲ್ಲಿ ಎರಕಹೊಯ್ದು ಇಡುತ್ತಿದ್ದರು. ಮನೆಯಲ್ಲಿ ಸಾವಾದಾಗ ಆ ಮುಖಗಳನ್ನು ಮೆರವಣಿಗೆಯಲ್ಲಿ ತರುತ್ತಿದ್ದರು. ಗೋಡೆಯ ಮೇಲೆ ಅಂಥ ಮುಖಗಳಿಲ್ಲದವನು ಎಷ್ಟೇ ಯೋಗ್ಯನಾಗಿದ್ದರೂ ‘ಹೊಸ ಮನುಷ್ಯ’ನೆನಿಸಿಕೊಳ್ಳುತ್ತಿದ್ದನು. ಆರ್ಪಿನಮ್ ಎಂಬ ಊರಿನಿಂದ ಬಂದು, ತನ್ನ ವಂಶದಲ್ಲಿ ಮೊದಲನೆಯವನಾಗಿ ಕ್ರಿ. ಪೂ. 63ರಲ್ಲಿ ಕಾನ್ಸಲ್ ಪದವಿಗೇರಿದ ಮಹಾವಾಗ್ಮಿ ಸಿಸೆರೋ ಸಹ ಈ ಹೆಸರಿನಿಂದ ತಪ್ಪಿಸಿಕೊಳ್ಳಲಿಲ್ಲ. ಹೀಗೆ ‘ಹೆಸರಾದವನು’ ಎಂಬ ಪದವು ‘ಹೆಸರಾದವರ ಮಗನು’ ಎಂದಾಯಿತು. ಶಬ್ದದ ಮೊದಲನೆಯ ಪತನವು ಇದು.

ಇಂಗ್ಲೆಂಡಿನ ಸಂಗತಿಯೂ ಹೀಗೆಯೇ. 1066ರಲ್ಲಿ ನಾರ್ಮನರು ಆ ದೇಶವನ್ನು ಗೆದ್ದು ತಮ್ಮ ಫ್ರೆಂಚನ್ನು ಅಲ್ಲಿ ನೆಲೆಗೊಳಿಸುವ ಮುಂಚೆ ಕುಲೀನರನ್ನು ಸೂಚಿಸುವುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಎಥೆಲ್’ ಎಂಬುದಕ್ಕೆ ಸಮೀಪವಾದ ಶಬ್ದವಿತ್ತು. ಆ ಕಾಲದ ರಾಜಪುತ್ರಿಯರಲ್ಲಿ ಎಥೆಲ್‌ಥ್ರಿತ್ ಎಂಬಾಕೆ ಪ್ರಸಿದ್ಧಳು. ಆ ಹೆಸರಿಗೆ ‘ಕುಲೀನವಾದ ಬಲ’ ಎಂದರ್ಥ. ಆಕೆ ನಾರ್ಥಂಬ್ರಿಯದ ರಾಣಿಯಾಗಿದ್ದು, ಆ ವೈಭವವನ್ನು ತೊರೆದು, 673ರಲ್ಲಿ ಈಲಿ ಎಂಬಲ್ಲಿ ಮಠವನ್ನು ಸ್ಥಾಪಿಸಿ, 679ರಲ್ಲಿ ತೀರಿಕೊಂಡಳು. ಜನರ ಬಾಯಲ್ಲಿ ಆಕೆಯ ಹೆಸರು ‘ಆಡ್ರಿ’ ಎಂದು ಮೊಟಕಾಯಿತು. ಮುಂದೆ ಸೇಂಟ್ ಆಡ್ರಿಯ ಜಾತ್ರೆಯಲ್ಲಿ ಕೊರಳಿಗೆ ಕಟ್ಟುವ ರೇಷ್ಮೆಯ ಪಟ್ಟಿಗಳನ್ನು ಮಾರುತ್ತಿದ್ದರು. ಕ್ರಮೇಣ ಅಗ್ಗದ ಥಳಕಿನ ಸರಕೂ ಅದೇ ಹೆಸರಿನಲ್ಲಿ ಬಂದಿತು. ‘ಸೇಂಟ್ ಆಡ್ರಿ’ ಎಂಬುದು ಸವೆದು ‘ಟಾಡ್ರಿ’ ಎಂಬ ಪದವಾಗಿ, ಹೊರಗೆ ಹೊಳಪು ಒಳಗೆ ಪೊಳ್ಳು ಎಂಬುದಕ್ಕೆ ಇಂಗ್ಲಿಷಿನಲ್ಲಿ ನಿಂತುಬಿಟ್ಟಿತು. ಒಬ್ಬ ಸ್ತ್ರೀಯ ಕುಲೀನವಾದ ಬಲವನ್ನು ಸಾರುತ್ತಿದ್ದ ಹೆಸರು ಥಳಕಿನ ದಾರಕ್ಕೆ ಹೆಸರಾದುದನ್ನು ನೋಡಿದರೆ, ಹೊಗಳಿಕೆಯ ಮಾತುಗಳನ್ನು ಎಷ್ಟು ಎಚ್ಚರದಿಂದ ಬಳಸಬೇಕೆಂಬುದು ತಿಳಿಯದಿರದು.

ಆದರೆ ಶಬ್ದಗಳು ಬೀಳುವುದು ಮಾತ್ರವಲ್ಲ, ಏಳುವುದೂ ಉಂಟು. ಹುಟ್ಟಿನಿಂದ ಹಿರಿಮೆ ಬರುವುದೋ ನಡತೆಯಿಂದಲೋ ಎಂಬ ತರ್ಕವನ್ನು ರೋಮಿನ ಜುವೆನಲ್ ಕವಿಯು ತನ್ನ ಎಂಟನೆಯ ವಿಡಂಬನೆಯಲ್ಲಿ ಎತ್ತಿಕೊಂಡು, ಮೇಣದ ಮುಖಗಳ ಸಾಲನ್ನು ತೋರಿಸಿ ಬೀಗುವವರನ್ನು ಹಾಸ್ಯಮಾಡಿದನು. ಇಂಗ್ಲೆಂಡಿನಲ್ಲಿ 1400ರಲ್ಲಿ ಗತಿಸಿದ ಚಾಸರ್ ಕವಿಯು ತನ್ನ ಕ್ಯಾಂಟರ್ಬರಿ ಕಥೆಗಳಲ್ಲಿ ಇದೇ ವಾದವನ್ನು ಒಬ್ಬ ಬಡ ಮುದುಕಿಯ ಬಾಯಿಂದ ಹೇಳಿಸಿದ್ದಾನೆ. ಅವಳನ್ನು ಮದುವೆಯಾಗಬೇಕಾಗಿ ಬಂದ ವೀರಭಟನು ಅವಳು ಮುಪ್ಪಿನವಳು, ಕುರೂಪಿ, ಹೀನಕುಲದವಳು ಎಂದು ಕೊರಗುತ್ತಾನೆ. ಅವಳಾದರೋ ನಿಜವಾದ ಕುಲೀನತೆಯು ಆಸ್ತಿಯಂತೆ ತಂದೆಯಿಂದ ಮಗನಿಗೆ ಬರುವಂಥದಲ್ಲ, ದೇವರಿಂದಲೇ ಬರುವಂಥದು, ಅದನ್ನು ನಡತೆಯಲ್ಲಿ ತೋರಿಸಬೇಕು ಎಂದು ಅವನಿಗೆ ಪಾಠ ಹೇಳುತ್ತಾಳೆ. ಆರು ನೂರು ವರುಷಗಳ ಹಿಂದಣ ಆ ಅಜ್ಜಿಯ ಉಪನ್ಯಾಸವನ್ನು ನಮ್ಮ ಮೇಲಣ ತರಗತಿಯ ಹುಡುಗಿಯರು ಓದಲೇಬೇಕು.

ನಮ್ಮ ನಾಡು ಈ ತರ್ಕಕ್ಕೆ ಹೊರತಲ್ಲ. ‘ಕುಲೀನ’, ‘ಅಭಿಜಾತ’ ಎಂಬ ನಮ್ಮ ಪದಗಳೂ ಹುಟ್ಟನ್ನೇ ಹಿಡಿದು ಹೊರಟವು. ಹತ್ತನೆಯ ಶತಮಾನದ ಪಂಪಕವಿಯ ಕರ್ಣನು ಕುಲವನ್ನೆತ್ತಿ ಆಡಿದವರೆದುರು ತನ್ನ ಛಲಾಭಿಮಾನಗಳನ್ನೇ ಎತ್ತಿಹಿಡಿದನು. ಹನ್ನೆರಡನೆಯ ಶತಮಾನದ ಶರಣರು ಹುಟ್ಟಿನ ಹೆಮ್ಮೆಯನ್ನು ಬಯಲಿಗೆಳೆದರು. ಆದುದರಿಂದ ಈ ವಿಚಾರವು ಪರದೇಶದಿಂದ ಬಂದ ಹೊಸ ಪಾಠವೆಂದು ಯಾರೂ ಭಾವಿಸಬೇಕಾಗಿಲ್ಲ.

ಇನ್ನು ಪದದ ಬಾಲವನ್ನು ನೋಡುವ. ನಮ್ಮ ಅಭಿಪ್ರಾಯದಲ್ಲಿ ಇದರ ಸ್ವಾರಸ್ಯವೆಲ್ಲ ಅಲ್ಲಿಯೇ ಇದೆ. ‘ನೋಬಲ್’ ಎಂಬುದು ಗುಣವಾಚಕ. ಅದನ್ನು ಮನುಷ್ಯನಿಗೆ ಹಚ್ಚಬಹುದು, ಮನೆತನಕ್ಕೂ ಹಚ್ಚಬಹುದು. ‘ನೋಬ್ಲಿ’ ಎಂಬುದಾದರೋ ಕ್ರಿಯಾವಿಶೇಷಣ; ಅದು ಕ್ರಿಯಾಪದವಿಲ್ಲದೆ ನಿಲ್ಲಲಾರದು. ಒಬ್ಬಳು ನೋಬ್ಲಿ ‘ಇದ್ದಾಳೆ’ ಎಂದು ಬರಿದೇ ಹೇಳಲಾಗದು; ನೋಬ್ಲಿ ಕೊಟ್ಟಳು, ನೋಬ್ಲಿ ನುಡಿದಳು, ನೋಬ್ಲಿ ಎದುರಿಸಿದಳು ಎಂದೇ ಹೇಳಬೇಕು. ಹುಟ್ಟಿನ ಹಿರಿಮೆಯನ್ನು ಕೊಚ್ಚಿಕೊಳ್ಳುವವನನ್ನು ಈ ಪದವು, “ನೀನೇನು ಮಾಡಿದೆ?” ಎಂದು ಕೇಳುತ್ತದೆ. ಕೊನೆಯ ‘ಲಿ’ ಎಂಬ ಪ್ರತ್ಯಯವೂ ಅರ್ಥವಿಲ್ಲದ ಬಾಲವಲ್ಲ. ಹಳೆಯ ಇಂಗ್ಲಿಷಿನಲ್ಲಿ ಶರೀರಕ್ಕೆ ‘ಲೀಚ್’ ಎಂಬ ಶಬ್ದವಿತ್ತು. ‘ಲಿ’ ಎಂಬುದು ಅದರಿಂದ ಹುಟ್ಟಿದುದು. ಇಂಗ್ಲೆಂಡಿನ ಹಳೆಯ ದೇವಾಲಯಗಳ ಅಂಗಳದ ಬಾಗಿಲಲ್ಲಿ ಶವವನ್ನು ಇಳಿಸಿ ಪಾದ್ರಿಯವರ ಬರವನ್ನು ಕಾಯುವುದಕ್ಕೆ ಚಾವಣಿಯೊಂದಿರುತ್ತದೆ. ಅದನ್ನು ಲಿಚ್‌ಗೇಟ್ ಎನ್ನುವುದು ಇದೇ ಶಬ್ದದಿಂದ. ಹಾಗಾದರೆ ‘ನೋಬ್ಲಿ’ ಎಂದರೆ ಘನತೆಗೆ ಒಂದು ಶರೀರವನ್ನು ಕೊಟ್ಟು ಎಂದಾಗುತ್ತದೆ. ಕಣ್ಣಿಗೆ ಕಾಣದ ಗುಣವು ಕೈಕಾಲುಗಳನ್ನು ಪಡೆದು ಕೆಲಸಕ್ಕಿಳಿಯಿತೆಂದು ಅರ್ಥ.

ಕನ್ನಡವು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆಯೆಂದು ಹೇಳಿದರೆ ಸ್ವಭಾಷೆಯ ಮೋಹವೆಂದು ವಾಚಕರು ನಗಬಾರದು. ‘ಉದಾತ್ತ’ ಎಂದರೆ ಸಂಸ್ಕೃತದಲ್ಲಿ ‘ಮೇಲಕ್ಕೆ ಎತ್ತಲ್ಪಟ್ಟದ್ದು’. ವೇದಪಾಠದಲ್ಲಿ ಏರಿಸಿ ಹೇಳುವ ಸ್ವರಕ್ಕೂ ಅದೇ ಹೆಸರು. ಅದಕ್ಕೆ ನಾವು ಸೇರಿಸುವ ‘ಆಗಿ’ ಎಂಬುದು ‘ಆಗು’ ಎಂಬ ಧಾತುವಿನಿಂದ ಬಂದ ರೂಪ. ‘ಮಾಡು’ ಎಂಬುದರಿಂದ ‘ಮಾಡಿ’ ಬಂದಂತೆ ‘ಆಗು’ ಎಂಬುದರಿಂದ ‘ಆಗಿ’ ಬಂದಿದೆ. ಆದುದರಿಂದ ‘ಉದಾತ್ತವಾಗಿ ನಡೆದಳು’ ಎಂದರೆ, ಮೊದಲು ಮೇಲೆತ್ತಲ್ಪಟ್ಟವಳಾಗಿ ಅನಂತರ ನಡೆದಳು ಎಂದರ್ಥ. ಮೇಲೆ ಹುಟ್ಟಿದವಳಲ್ಲ, ಮೇಲೆತ್ತಲ್ಪಟ್ಟವಳು. ಹಾಗೆ ಇದ್ದವಳಲ್ಲ, ಹಾಗೆ ಆದವಳು. ಒಂದು ವಿದ್ಯಾಶಾಲೆಯು ಮಾಡಬೇಕಾದ ಕೆಲಸವೆಲ್ಲವೂ ಆ ‘ಆಗಿ’ ಎಂಬ ಎರಡಕ್ಷರಗಳಲ್ಲಿದೆಯಲ್ಲವೇ?

ಸತ್ಯವೇದವು ಈ ವಿಷಯದಲ್ಲಿ ಏನು ಕಲಿಸುತ್ತದೆಂದು ನೋಡುವುದು ನಮ್ಮಂಥ ಶಾಲೆಗೆ ಉಚಿತವಾದುದೇ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಕುಲೀನನೆಂಬುದಕ್ಕೆ ‘ಯೂಗೆನೆಸ್’ ಎಂಬ ಪದವುಂಟು. ‘ಯೂ’ ಎಂದರೆ ಚೆನ್ನಾಗಿ. ‘ಗೆನೊಸ್’ ಎಂದರೆ ಕುಲ. ಈ ಪದವು ಅಲ್ಲಿ ಮೂರು ಸ್ಥಳಗಳಲ್ಲಿ ಬರುತ್ತದೆ. ಮೊದಲನೆಯದು, ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ. ಕರೆಯಲ್ಪಟ್ಟ ನಿಮ್ಮಲ್ಲಿ ಕುಲೀನರು ಬಹಳ ಮಂದಿ ಇಲ್ಲವೆಂದು ಆತನು ನೆನಪಿಸುತ್ತಾನೆ. ಎರಡನೆಯದು ಲೂಕನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿ. ಅಲ್ಲಿ ಕುಲೀನನೊಬ್ಬನು ತನ್ನ ಹತ್ತು ಮಂದಿ ಆಳುಗಳಿಗೆ ಹಣ ಕೊಟ್ಟು ದೂರದೇಶಕ್ಕೆ ಹೋಗುತ್ತಾನೆ. ತಿರುಗಿ ಬಂದು, ನಂಬಿಗಸ್ತನಾಗಿ ದುಡಿದ ಆಳನ್ನು ಭಲಾ ಎಂದು ಮೆಚ್ಚುತ್ತಾನೆ. ಆ ಮೆಚ್ಚಿಕೆಯ ಮಾತಿನ ಮೂಲವೂ ‘ಯೂ’ ಎಂಬ ಅವ್ಯಯವೇ. ಒಡೆಯನ ಪಾಲಿಗೆ ‘ಯೂ’ ಎಂಬುದರ ಜೊತೆಯಲ್ಲಿ ಕುಲವಿತ್ತು. ಆಳಿನ ಪಾಲಿಗೆ ಕುಲವಿಲ್ಲ, ಕ್ರಿಯೆಯನ್ನು ಹೊಗಳುವ ‘ಯೂ’ ಮಾತ್ರ ಬಂದಿತು. ಲೆಕ್ಕ ಒಪ್ಪಿಸುವ ದಿನದಲ್ಲಿ ಅದೇ ಸಾಕಾಯಿತು.

ಮೂರನೆಯ ಸ್ಥಳವು ಇವೆರಡಕ್ಕಿಂತಲೂ ನಮಗೆ ಮುಖ್ಯವಾದುದು. ಅಪೊಸ್ತಲರ ಕೃತ್ಯಗಳ ಹದಿನೇಳನೆಯ ಅಧ್ಯಾಯದಲ್ಲಿ ಬೆರೋಯದವರು ಥೆಸಲೋನಿಕದವರಿಗಿಂತ ಹೆಚ್ಚು ಕುಲೀನರೆಂದು ಗ್ರಂಥಕರ್ತನು ಹೇಳುತ್ತಾನೆ. 1611ರ ಇಂಗ್ಲಿಷ್ ಭಾಷಾಂತರದಲ್ಲಿಯೂ ‘ನೋಬಲ್’ ಎಂಬ ಪದವನ್ನೇ ಹಾಕಿದ್ದಾರೆ. ಅವರು ಯಾವ ವಂಶದವರೆಂದು ಆತನು ಹೇಳುವುದಿಲ್ಲ. ಅವರ ಕುಲೀನತೆಗೆ ಆತನು ಕೊಡುವ ಕಾರಣವಿಷ್ಟೇ: ಥೆಸಲೋನಿಕದಲ್ಲಿ ಜನರು ಗಲಭೆಯೆಬ್ಬಿಸಿ ಮನೆಯ ಮೇಲೆ ಬಿದ್ದರು, ಬೆರೋಯದವರು ಹೇಳಿದ್ದನ್ನು ಸಿದ್ಧಮನಸ್ಸಿನಿಂದ ಕೇಳಿ, ಅದು ಹೌದೋ ಅಲ್ಲವೋ ಎಂದು ದಿನದಿನವೂ ಶಾಸ್ತ್ರಗಳನ್ನು ಬಿಚ್ಚಿ ಶೋಧಿಸಿದರು. ಹೇಳಿದವನು ಪೌಲನಂಥ ಅಪೊಸ್ತಲನು, ಆದರೂ ಶೋಧಿಸಿದರು. ಅದನ್ನು ಅವಿಧೇಯತೆಯೆಂದು ಬರೆಯದೆ ಕುಲೀನತೆಯೆಂದು ಬರೆದಿದೆ. ಅಲ್ಲಿ ನಂಬಿದವರಲ್ಲಿ ಮಾನವಂತರಾದ ಗ್ರೀಕ್ ಸ್ತ್ರೀಯರೂ ಅನೇಕರಿದ್ದರೆಂದು ಮುಂದಣ ವಚನದಲ್ಲಿಯೇ ಹೇಳಿದೆ. ತರಗತಿಯಲ್ಲಿ “ಏಕೆ?” ಎಂದು ಕೇಳುವ ಹುಡುಗಿಯನ್ನು ಸುಮ್ಮನಿರೆಂದು ಗದರಿಸುವ ಮುಂಚೆ ಉಪಾಧ್ಯಾಯಿನಿಯರೂ ತಾಯಿತಂದೆಗಳೂ ಈ ಸ್ಥಳವನ್ನು ಒಮ್ಮೆ ಓದಬೇಕೆಂದು ಬೇಡುತ್ತೇವೆ.

ಈಗ ನಾವು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇವೆ. ಈ ಘನವಾದ ಪದವನ್ನು ನಾವು ಮೂರು ವಿಧದಲ್ಲಿ ಕೆಡಿಸುತ್ತಿದ್ದೇವೆ.

ಮೊದಲನೆಯದು ಹುಟ್ಟಿನ ಮೋಹ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನಿನವರು ನಮ್ಮ ನಾಡಿನಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದಾಗ ಎಲ್ಲ ಮಕ್ಕಳೂ ಒಂದೇ ಹಲಗೆಯ ಮೇಲೆ ಕುಳಿತುಕೊಳ್ಳುವ ಕಾಲ ಥಟ್ಟನೆ ಬರಲಿಲ್ಲ. ದಕ್ಷಿಣ ಇಂಡಿಯದ ಕೆಲವು ಪಟ್ಟಣಗಳಲ್ಲಿ ಮೇಲ್ಜಾತಿಯ ಹುಡುಗಿಯರಿಗೆಂದೇ ಬೇರೆ ಶಾಲೆಗಳನ್ನು ಅವರೇ ನಡಿಸಬೇಕಾಯಿತು. ಇದನ್ನು ಮುಚ್ಚಿಡುವುದು ಸತ್ಯಕ್ಕೆ ಒಪ್ಪದು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ರಾಜ್ಯಾಂಗವು ತನ್ನ 17ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. 18ನೆಯದರಲ್ಲಿ ಸೈನಿಕ ಮತ್ತು ವಿದ್ಯಾಸಂಬಂಧವಾದವುಗಳನ್ನು ಬಿಟ್ಟು ಬಿರುದುಬಾವಲಿಗಳನ್ನು ಸರಕಾರವು ಕೊಡಕೂಡದೆಂದು ವಿಧಿಸಿತು. ಇಂಗ್ಲೆಂಡಿನಲ್ಲಿಯೂ 1999ರ ಶಾಸನದಿಂದ ವಂಶಪಾರಂಪರ್ಯದ ಪ್ರಭುಗಳಲ್ಲಿ 92 ಮಂದಿಯ ಹೊರತು ಉಳಿದವರು ಮೇಲ್ಮನೆಯ ಸ್ಥಾನವನ್ನು ಕಳೆದುಕೊಂಡರು. ಗುಣವಾಚಕದ ಬೆಲೆಯನ್ನು ಹೀಗೆ ಶಾಸನಗಳೇ ಇಳಿಸಿರುವಾಗ, ಹೊಸದಾಗಿ ಸೇರಿದ ಹುಡುಗಿಯನ್ನು ಕಂಡು ‘ಯಾರ ಮಗಳು?’ ಎಂದು ಮೊದಲು ಕೇಳುವ ಅಭ್ಯಾಸವು ನಮ್ಮಿಂದ ಇನ್ನೂ ಏಕೆ ಹೋಗಬಾರದು?

ಎರಡನೆಯದು ಪ್ರಸಿದ್ಧಿಯ ಮೋಹ. ಇಂಥ ಸಂಚಿಕೆಗಳಲ್ಲಿ ಹೆಸರಾದ ಹಳೆಯ ವಿದ್ಯಾರ್ಥಿನಿಯರ ಪಟ್ಟಿಯನ್ನು ಅಚ್ಚುಮಾಡುತ್ತೇವೆ. ವೈದ್ಯರು, ಅಧಿಕಾರಿಗಳು, ಪ್ರಾಧ್ಯಾಪಕರು. ಅವರ ಏಳಿಗೆ ನಮಗೆಲ್ಲ ಸಂತೋಷದ ಸಂಗತಿಯೇ. ಆದರೆ ಹಾಗೆ ಮಾಡುವಾಗ ನಾವು ಪದವನ್ನು ಅದರ ಹಳೆಯ ರೋಮನ್ ಅರ್ಥಕ್ಕೇ ಹಿಂದಿರುಗಿಸುತ್ತಿದ್ದೇವೆ. ಮೇಣದ ಮುಖಗಳ ಬದಲಾಗಿ ಭಾವಚಿತ್ರಗಳು, ಅಷ್ಟೇ. ಮಾರ್ಕನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ಬೆಲೆಯುಳ್ಳ ತೈಲದ ಭರಣಿಯನ್ನು ಒಡೆದು ಕರ್ತನ ತಲೆಯ ಮೇಲೆ ಹೊಯ್ದ ಸ್ತ್ರೀಯಿದ್ದಾಳೆ. ಇವಳು ಒಳ್ಳೆಯ ಕೆಲಸ ಮಾಡಿದ್ದಾಳೆಂದು ಆತನು ಹೇಳಿದನು. ಅಲ್ಲಿ ಒಳ್ಳೆಯದೆಂಬುದಕ್ಕಿರುವ ಗ್ರೀಕ್ ಪದಕ್ಕೆ ಚೆಲುವಾದುದು, ಘನವಾದುದು ಎಂಬ ಅರ್ಥಗಳೂ ಉಂಟು. ಸುವಾರ್ತೆಯು ಸಾರಲ್ಪಡುವಲ್ಲೆಲ್ಲ ಅವಳು ಮಾಡಿದ್ದನ್ನು ಹೇಳುವರೆಂದೂ ನುಡಿದನು. ಆದರೆ ಮಾರ್ಕನು ಅವಳ ಹೆಸರನ್ನು ಬರೆಯಲಿಲ್ಲ. ಕೃತ್ಯವು ಲೋಕಕ್ಕೆಲ್ಲ ತಿಳಿಯಿತು; ಹೆಸರು ಆ ಪುಟದಲ್ಲಿ ಉಳಿಯಲಿಲ್ಲ. ಹಳ್ಳಿಯ ಶಾಲೆಯಲ್ಲಿ ಮೂವತ್ತು ವರುಷ ಅಕ್ಷರ ಕಲಿಸಿದವರು, ಹಾಸಿಗೆ ಹಿಡಿದ ಅತ್ತೆಯನ್ನು ಆರೈಕೆಮಾಡುತ್ತಲೇ ತಂಗಿಯರನ್ನು ಓದಿಸಿದವರು, ಲಂಚ ಮುಟ್ಟದೆ ಗುಮಾಸ್ತೆಯ ಮೇಜಿನಲ್ಲಿಯೇ ನಿವೃತ್ತರಾದವರು ನಮ್ಮ ಪಟ್ಟಿಯಲ್ಲಿ ಎಲ್ಲಿದ್ದಾರೆ?

ಮೂರನೆಯದು ಎಲ್ಲಕ್ಕಿಂತ ಅಪಾಯಕರವಾದುದು. ಹೆಂಗಸರ ಮಟ್ಟಿಗೆ ಈ ಪದವನ್ನು ನಾವು ಒಂದೇ ಒಂದು ಕ್ರಿಯಾಪದಕ್ಕೆ ಕಟ್ಟಿಹಾಕಿದ್ದೇವೆ. ಅದು ‘ಸಹಿಸಿಕೊಂಡಳು’ ಎಂಬುದು. ಹೊಡೆಯುವ ಗಂಡನನ್ನು, ವರದಕ್ಷಿಣೆಗಾಗಿ ಪೀಡಿಸುವ ಮನೆಯನ್ನು, ಕೂಲಿಯನ್ನು ಕಡಿಮೆಮಾಡುವ ಯಜಮಾನನನ್ನು ಉದಾತ್ತವಾಗಿ ಸಹಿಸಿಕೊಂಡಳೆಂದು ನಾವು ಹೊಗಳುವಾಗ, ಅನ್ಯಾಯಮಾಡಿದವನಿಗೆ ನಮ್ಮ ಹೊಗಳಿಕೆಯಿಂದ ಎಷ್ಟು ಅನುಕೂಲವಾಯಿತೆಂದು ಯೋಚಿಸುವುದಿಲ್ಲ. ತಾಳ್ಮೆಯು ದೊಡ್ಡ ಗುಣವೇ. ರೋಗವನ್ನೂ ಮರಣವನ್ನೂ ತಾಳಿಕೊಂಡವರ ಮುಂದೆ ನಾವು ತಲೆಬಾಗುತ್ತೇವೆ. ಆದರೆ ತಡೆಯಬಹುದಾದ ಅನ್ಯಾಯವನ್ನು ತಾಳಿಕೊಳ್ಳೆಂದು ಮಗಳಿಗೆ ಬೋಧಿಸುವುದಕ್ಕೆ ಈ ಪದವನ್ನು ಉಪಯೋಗಿಸುವುದು ‘ಆಡ್ರಿ’ಯನ್ನು ‘ಟಾಡ್ರಿ’ ಮಾಡಿದಂತೆಯೇ ಸರಿ. ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದಲ್ಲಿ ವರ್ಣಿತಳಾದ ಗುಣವತಿಯಾದ ಸ್ತ್ರೀಯನ್ನು ನಮ್ಮ ಸಭೆಗಳಲ್ಲಿ ಬಹಳ ಸಾರಿ ಸ್ಮರಿಸುತ್ತೇವೆ. ಅಲ್ಲಿ ಗುಣವೆಂಬುದಕ್ಕಿರುವ ಇಬ್ರಿಯ ಮೂಲಪದವು ‘ಹಯಿಲ್’. ಅದಕ್ಕೆ ಬಲ, ಪರಾಕ್ರಮ ಎಂದರ್ಥ. ಸೈನ್ಯಕ್ಕೂ ಅದೇ ಪದವನ್ನು ಬಳಸಿದೆ. ಆಕೆ ಹೊಲವನ್ನು ನೋಡಿ ಕೊಳ್ಳುತ್ತಾಳೆ, ವ್ಯಾಪಾರಮಾಡುತ್ತಾಳೆ, ಬಡವರಿಗೆ ಕೈನೀಡುತ್ತಾಳೆ, ಬಾಯಿತೆರೆದು ಜ್ಞಾನದ ಮಾತುಗಳನ್ನಾಡುತ್ತಾಳೆ. ಆ ಅಧ್ಯಾಯದಲ್ಲಿ ಆಕೆಯ ಕ್ರಿಯಾಪದಗಳು ಎಷ್ಟಿವೆಯೆಂದು ಎಣಿಸಿ ನೋಡಿರಿ.

ಆದಕಾರಣ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ನಮ್ಮ ಬಿನ್ನಹವಿಷ್ಟೇ. ಮಗಳು ಅಂಕಪಟ್ಟಿಯನ್ನು ತಂದಾಗ ‘ಎಷ್ಟು?’ ಎಂದು ಕೇಳುವುದರ ಜೊತೆಗೆ ‘ಹೇಗೆ?’ ಎಂದೂ ಕೇಳಿರಿ. ನಕಲುಮಾಡದೆ ಸೋತವಳನ್ನು ನಕಲುಮಾಡಿ ಗೆದ್ದವಳಿಗಿಂತ ಕೀಳಾಗಿ ಕಾಣಬೇಡಿರಿ. ಕ್ರಿಯಾವಿಶೇಷಣವು ಉತ್ತರಿಸುವುದು ‘ಹೇಗೆ’ ಎಂಬ ಪ್ರಶ್ನೆಗೇ. ಮದುವೆಯ ಮಾತು ಬಂದಾಗ ‘ಯಾವ ಮನೆ?’ ಎಂದು ವಿಚಾರಿಸುವವರು ಆ ಮನೆಯವರು ಮನೆಗೆಲಸದವಳೊಡನೆ ಹೇಗೆ ಮಾತಾಡುತ್ತಾರೆಂಬುದನ್ನೂ ವಿಚಾರಿಸಲಿ. ಮುಂದಿನ ಸ್ಮರಣ ಸಂಚಿಕೆಯನ್ನು ಹೊರಡಿಸುವವರು ಹೆಸರಾದವರ ಪಟ್ಟಿಯ ಪಕ್ಕದಲ್ಲಿ ಕೆಲವು ಪುಟಗಳನ್ನು ಖಾಲಿ ಬಿಟ್ಟು, ತಾವು ಕಂಡ ಒಂದು ಒಳ್ಳೆಯ ಕೃತ್ಯವನ್ನು, ಬೇಕಾದರೆ ಹೆಸರಿಲ್ಲದೆಯೇ, ಬರೆದು ಕಳುಹಿಸುವಂತೆ ಎಲ್ಲರನ್ನೂ ಕೇಳಿಕೊಳ್ಳಲಿ.

ಆಗ ಮುಂದಿನ ಸಾಲಿನ ಆ ಚಿಕ್ಕ ಹುಡುಗಿಗೆ ಉತ್ತರ ಹೇಳುವುದು ಕಷ್ಟವಾಗದು. ಮಗೂ, ನೀನು ಯಾರ ಮಗಳೆಂಬುದರಿಂದ ಆ ಮಾತು ನಿನಗೆ ಸಲ್ಲುವುದಿಲ್ಲ, ಎಷ್ಟು ಜನ ನಿನ್ನನ್ನು ಬಲ್ಲರೆಂಬುದರಿಂದಲೂ ಸಲ್ಲುವುದಿಲ್ಲ. ನೀನು ಏನನ್ನಾದರೂ ಮಾಡು. ಅದನ್ನು ಶೋಧಿಸಿ, ಧೈರ್ಯವಾಗಿ, ಇನ್ನೊಬ್ಬರ ಹಿತವನ್ನೂ ನೆನೆದು ಮಾಡು. ಆಗ ಆ ಮಾತು ತಾನಾಗಿಯೇ ಬಂದು ನಿನ್ನ ಕೆಲಸದ ಪಕ್ಕದಲ್ಲಿ ನಿಲ್ಲುವುದು.